ತುಟಿ ಮುಂದೆ, ಮಾತು ಹಿಂದೆ: ಟೈಮ್‌ಕೋಡ್ ಎಂದರೇನು, ಹೊಂದಿಸುವುದು ಹೇಗೆ?

ದಾವಣಗೆರೆಯ ಕಲ್ಯಾಣ ಮಂಟಪಗಳಲ್ಲಿ ಈಗ ಒಂದೊಂದು ಮದುವೆಗೆ ಮೂರು ನಾಲ್ಕು ಕ್ಯಾಮೆರಾ ನಿಲ್ಲುವುದು ಮಾಮೂಲು. ಒಂದು ಧಾರೆ ಮಂಟಪದ ಎದುರು, ಒಂದು ಓಲಗದವರ ಪಕ್ಕ, ಮತ್ತೊಂದು ಕೈಯಲ್ಲಿ ಹಿಡಿದು ಓಡಾಡುವವರದ್ದು. ಧ್ವನಿಗೆ ಬೇರೆಯೇ ರೆಕಾರ್ಡರ್. ಸ್ಟುಡಿಯೋಗೆ ಬಂದು ಎಲ್ಲವನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಮೊದಲ ಹತ್ತು ನಿಮಿಷ ಸರಿಯಾಗಿಯೇ ಇರುತ್ತದೆ. ಗಟ್ಟಿಮೇಳದ ಹೊತ್ತಿಗೆ ಡೋಲಿನ ಮೇಲೆ ಕೋಲು ಬಿದ್ದು ಮೇಲೆದ್ದಿರುತ್ತದೆ, ಸದ್ದು ಆಮೇಲೆ ಬರುತ್ತದೆ. ಸ್ಟುಡಿಯೋದವರ ಮಾತಿನಲ್ಲಿ ಹೇಳುವುದಾದರೆ ಸಿಂಕ್ ಹೋಗಿದೆ.

ದುಗ್ಗಮ್ಮನ ಜಾತ್ರೆಗೆ ಬೀಡುಬಿಡುವ ನಾಟಕ ಕಂಪನಿಯ ಆಟವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವವರಿಗೂ, ಸಾಣೇಹಳ್ಳಿಯ ಬಯಲು ರಂಗಮಂದಿರದ ನಾಟಕೋತ್ಸವದಲ್ಲಿ ಕ್ಯಾಮೆರಾ ಹಿಡಿಯುವವರಿಗೂ ಇದೇ ತಲೆನೋವು. ವೇದಿಕೆ ಕಟ್ಟುವವರಿಗೆ ಅದು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಆರತಕ್ಷತೆ, ಕಾಲೇಜು ವಾರ್ಷಿಕೋತ್ಸವಗಳಿಗೆ ಎಲ್‌ಇಡಿ ಪರದೆ ಬಂದಿದೆ, ಕಂಪ್ಯೂಟರಿನಿಂದ ನಡೆಯುವ ದೀಪಗಳು ಬಂದಿವೆ. ಹಾಡು ಒಂದು ಲ್ಯಾಪ್‌ಟಾಪಿನಿಂದ, ಚಿತ್ರ ಇನ್ನೊಂದರಿಂದ, ಬೆಳಕು ಮತ್ತೊಂದು ಡೆಸ್ಕಿನಿಂದ. ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೆ ಬಟನ್ ಒತ್ತಿದರೂ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ತಾಳ ಎಲ್ಲಿಯೋ, ಬೆಳಕು ಎಲ್ಲಿಯೋ.

ಎರಡಕ್ಕೂ ಪರಿಹಾರ ಟೈಮ್‌ಕೋಡ್. ಇದು ಸಿನಿಮಾ, ಟೀವಿಯವರ ಕೈಯಲ್ಲಿ ಐದು ದಶಕಗಳಿಂದ ಇರುವ ಪದ್ಧತಿ. ಈಗ ಕಡಿಮೆ ಬೆಲೆಯ ಸಾಫ್ಟ್‌ವೇರ್, ಅಂಗೈಯಗಲದ ಪೆಟ್ಟಿಗೆಗಳ ಮೂಲಕ ಜಿಲ್ಲಾ ಕೇಂದ್ರಗಳ ಸ್ಟುಡಿಯೋಗಳಿಗೂ ಬಂದಿದೆ. ಆದರೆ ಪೆಟ್ಟಿಗೆ ಕೊಂಡುಬಂದ ಮೇಲೂ ಸಿಂಕ್ ತಪ್ಪುವುದು ನಿಲ್ಲಲಿಲ್ಲ ಎನ್ನುವವರಿದ್ದಾರೆ. ಬಹುಪಾಲು ಸಲ ಕಾರಣ ಒಂದೇ. ಎಲ್ಲಿದ್ದೇವೆ ಎನ್ನುವುದು ಒಂದು ಪ್ರಶ್ನೆ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ ಎನ್ನುವುದು ಇನ್ನೊಂದು. ಟೈಮ್‌ಕೋಡ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಉಳಿದ ಸೆಟ್ಟಿಂಗ್‌ಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಸರಿಯಾಗಿದ್ದದ್ದು ಯಾಕೆ ತಪ್ಪುತ್ತದೆ?

ಪ್ರತಿ ಕ್ಯಾಮೆರಾ, ಪ್ರತಿ ರೆಕಾರ್ಡರ್, ಪ್ರತಿ ಸೌಂಡ್ ಕಾರ್ಡಿನ ಒಳಗೂ ಒಂದು ಕ್ವಾರ್ಟ್ಜ್ ಹರಳು ಇರುತ್ತದೆ. ಅದು ಕಂಪಿಸುವ ಲೆಕ್ಕದಲ್ಲೇ ಆ ಉಪಕರಣಕ್ಕೆ ಒಂದು ಸೆಕೆಂಡ್ ಎಂದರೆ ಎಷ್ಟು ಎಂಬುದು ತಿಳಿಯುತ್ತದೆ. ರೆಕಾರ್ಡರ್ 48,000 ಹರ್ಟ್ಜ್‌ಗೆ ಹೊಂದಿಸಿದ್ದರೆ ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು ಬರೆದುಕೊಳ್ಳುತ್ತದೆ. ಇಂಥ ಒಂದೊಂದು ಅಳತೆಗೂ ಸ್ಯಾಂಪಲ್ ಎನ್ನುತ್ತಾರೆ. ಹರಳು ಕೂದಲೆಳೆಯಷ್ಟು ವೇಗವಾಗಿ ಕಂಪಿಸಿದರೆ ಆ 48,000 ಅಳತೆ ಒಂದು ಸೆಕೆಂಡ್ ತುಂಬುವ ಮುಂಚೆಯೇ ಮುಗಿದಿರುತ್ತದೆ. ಉಪಕರಣಕ್ಕೆ ಇದು ಗೊತ್ತಾಗುವುದೇ ಇಲ್ಲ.

ವ್ಯತ್ಯಾಸ ಬಹಳ ಸಣ್ಣದು, ಆದರೆ ಕೂಡುತ್ತಾ ಹೋಗುತ್ತದೆ. ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ತಪ್ಪಿದರೆ ಗಂಟೆಗೆ 3.6 ಮಿಲಿಸೆಕೆಂಡ್ ಆಗುತ್ತದೆ. ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೆ ಗಂಟೆಗೆ 72 ಮಿಲಿಸೆಕೆಂಡ್. ಕ್ಯಾಮೆರಾ ಅಷ್ಟು ಮುಂದೆ, ರೆಕಾರ್ಡರ್ ಅಷ್ಟು ಹಿಂದೆ ಓಡಿತೆನ್ನಿ, ಒಂದೇ ಗಂಟೆಯಲ್ಲಿ ಇಬ್ಬರ ನಡುವೆ 144 ಮಿಲಿಸೆಕೆಂಡ್ ಅಂತರ ಬಿದ್ದಿರುತ್ತದೆ. ವಿಡಿಯೋ ಎಂದರೆ ಒಂದಾದ ಮೇಲೊಂದು ಬರುವ ಸ್ಥಿರ ಚಿತ್ರಗಳು, ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಂದರೆ ಮೂರೂವರೆ ಫ್ರೇಮಿಗಿಂತ ಹೆಚ್ಚು.

ಇಷ್ಟು ಅಂತರ ಕಣ್ಣಿಗೆ ಹೊಡೆಯುತ್ತದೆಯೇ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ 1359 ಎಂಬ ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೆ, ಇಲ್ಲವೇ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ತಿಳಿಯಲು ಶುರುವಾಗುತ್ತದೆ. ಸದ್ದು ಹಿಂದೆ ಬಿದ್ದರೆ ಮನುಷ್ಯರು ಸ್ವಲ್ಪ ಸಹಿಸಿಕೊಳ್ಳುತ್ತಾರೆ, ಮುಂದೆ ಬಂದರೆ ಸಹಿಸುವುದಿಲ್ಲ. ದೂರದಲ್ಲಿ ಪಟಾಕಿ ಸಿಡಿದಾಗ ಬೆಳಕು ಮೊದಲು, ಸದ್ದು ಆಮೇಲೆ ಬರುತ್ತದೆ. ಸದ್ದು ಮೊದಲು ಬಂದು ಬೆಳಕು ಆಮೇಲೆ ಬರುವುದು ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲ.

ಕರೆಂಟ್ ಏರಿಳಿತದಿಂದ, ಜನರೇಟರ್‌ನಿಂದ ಸಿಂಕ್ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ನಿಜವಲ್ಲ. ಹರಳಿನ ಕಂಪನಕ್ಕೂ ಗೋಡೆಯಿಂದ ಬರುವ 50 ಹರ್ಟ್ಜ್ ಕರೆಂಟಿಗೂ ಸಂಬಂಧವಿಲ್ಲ. ಹರಳನ್ನು ಅಲುಗಿಸುವುದು ಬಿಸಿಲು. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾವನ್ನು ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಕೋಟೆಯ ಬಂಡೆಯ ಮೇಲೆ ನಿಲ್ಲಿಸಿದರೆ ಅದರ ಲೆಕ್ಕ ಬೆಳಿಗ್ಗೆ ಇದ್ದಂತೆ ಇರುವುದಿಲ್ಲ.

ಟೈಮ್‌ಕೋಡ್ ಎಂದರೆ ವಿಳಾಸ

ಟೈಮ್‌ಕೋಡ್ ಎಂದರೆ ಪ್ರತಿ ಫ್ರೇಮಿಗೂ ಕೊಟ್ಟ ಒಂದು ನಂಬರು. ನಾಲ್ಕು ಜೋಡಿ ಅಂಕಿಗಳು: ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. 01:12:07:14 ಎಂದರೆ 1 ಗಂಟೆ 12 ನಿಮಿಷ 7 ಸೆಕೆಂಡಿನ ನಂತರದ 14ನೇ ಸಂಖ್ಯೆಯ ಫ್ರೇಮ್. ಫ್ರೇಮಿನ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 25 ಫ್ರೇಮಿನ ಲೆಕ್ಕದಲ್ಲಿ ಕೊನೆಯ ಜೋಡಿ 00ಯಿಂದ 24ರವರೆಗೆ ಹೋಗುತ್ತದೆ. ಇದನ್ನು ಎಲ್ಲರೂ ಒಪ್ಪುವ ಒಂದು ಮಾದರಿಗೆ ತಂದದ್ದು ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಎಂಜಿನಿಯರುಗಳ ಸಂಘ. ಆ ಸಂಘದ ಹೆಸರಿನ ಮೊದಲಕ್ಷರಗಳಿಂದಲೇ ಎಸ್‌ಎಂಪಿಟಿಇ ಟೈಮ್‌ಕೋಡ್ ಎಂಬ ಹೆಸರು ಬಂತು. ಸ್ಟುಡಿಯೋಗಳಲ್ಲಿ ‘ಸಿಂಪ್ಟಿ’ ಎನ್ನುತ್ತಾರೆ.

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ 48ರಲ್ಲಿ ಎರಡು ಬಸ್ಸು ಹೊರಟಿವೆ ಎಂದುಕೊಳ್ಳಿ. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲುಗಳೇ ಟೈಮ್‌ಕೋಡ್. ಯಾವ ಬಸ್ಸು ಎಲ್ಲಿದೆ ಎಂದು ಕಲ್ಲು ನೋಡಿ ತಕ್ಷಣ ಹೇಳಬಹುದು. ಒಂದು ಬಸ್ಸು ಭರಮಸಾಗರದಲ್ಲಿ ನಿಂತು ಹೊರಟರೂ ಮುಂದಿನ ಕಲ್ಲು ನೋಡಿದರೆ ಅದರ ಜಾಗ ಗೊತ್ತಾಗುತ್ತದೆ. ಆದರೆ ಎರಡೂ ಬಸ್ಸು ಉದ್ದಕ್ಕೂ ಅಕ್ಕಪಕ್ಕದಲ್ಲೇ ಹೋಗಬೇಕಾದರೆ ಕಲ್ಲು ಸಾಲದು, ಇಬ್ಬರು ಡ್ರೈವರುಗಳ ವೇಗವೂ ಒಂದೇ ಇರಬೇಕು. ಆ ವೇಗದ ವಿಚಾರಕ್ಕೆ ಮುಂದೆ ಬರೋಣ.

25, 30, 29.97

ಕಲ್ಲುಗಳ ನಡುವಿನ ದೂರ ಎಲ್ಲರಿಗೂ ಒಂದೇ ಇರಬೇಕಲ್ಲ. ಇಲ್ಲಿ ಆ ದೂರವೇ ಫ್ರೇಮ್ ರೇಟ್. ಸಿನಿಮಾದ ರೂಢಿ ಸೆಕೆಂಡಿಗೆ 24. ಭಾರತದ ಟೀವಿ 25, ನಮ್ಮ ವಿದ್ಯುತ್ತಿನ 50 ಹರ್ಟ್ಜ್‌ನ ಅರ್ಧ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಆರಿಸಿಕೊಂಡ ಪಾಲ್ ಪದ್ಧತಿಯೂ ಇದೇ 25ರದ್ದು. ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಜ್, ಆದ್ದರಿಂದ ಕಪ್ಪುಬಿಳುಪು ಟೀವಿ 30 ಫ್ರೇಮ್ ಇತ್ತು. 1953ರಲ್ಲಿ ಬಣ್ಣ ಬಂದಾಗ ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಪರದೆಯ ಮೇಲೆ ಒಂದಕ್ಕೊಂದು ತಾಕದಿರಲೆಂದು ವೇಗವನ್ನು ಸಾವಿರಕ್ಕೆ ಒಂದರಷ್ಟು ಇಳಿಸಿ 29.97 ಮಾಡಿದರು.

ಆ ಸಾವಿರಕ್ಕೊಂದು ಇವತ್ತಿಗೂ ಕಾಡುತ್ತಿದೆ. ಒಂದು ಉಪಕರಣ 30 ಎಂದು ಎಣಿಸಿ ಇನ್ನೊಂದು 29.97 ಎಂದು ಎಣಿಸಿದರೆ ಗಂಟೆಗೆ 3.6 ಸೆಕೆಂಡ್ ಅಂತರ ಬೀಳುತ್ತದೆ. ಇದನ್ನು ಸರಿದೂಗಿಸಲು ಡ್ರಾಪ್ ಫ್ರೇಮ್ ಎಂಬ ಉಪಾಯ ಮಾಡಿದರು. ಪ್ರತಿ ನಿಮಿಷದ ಶುರುವಿನಲ್ಲಿ 00 ಮತ್ತು 01 ಎಂಬ ಎರಡು ನಂಬರು ಬಿಟ್ಟು 02ರಿಂದ ಎಣಿಸುವುದು, ಹತ್ತರಿಂದ ಭಾಗವಾಗುವ ನಿಮಿಷಗಳಲ್ಲಿ ಮಾತ್ರ ಬಿಡದಿರುವುದು. ಗಂಟೆಗೆ 108 ನಂಬರು ಹೀಗೆ ಹೋಗುತ್ತವೆ. ಹೋಗುವುದು ನಂಬರು ಮಾತ್ರ, ಚಿತ್ರ ಒಂದೂ ಕಳೆಯುವುದಿಲ್ಲ.

ನಮ್ಮ ಕೆಲಸಕ್ಕೆ ಇದರಿಂದ ಬೇಕಾದದ್ದು ಇಷ್ಟು: ಕ್ಯಾಮೆರಾ, ರೆಕಾರ್ಡರ್, ಸಾಫ್ಟ್‌ವೇರ್ ಎಲ್ಲವನ್ನೂ 25ಕ್ಕೆ ಇಡಿ. ಹೊಸ ಕ್ಯಾಮೆರಾ ಅಂಗಡಿಯಿಂದ ಬಂದಾಗ 29.97ಕ್ಕೆ ಇರುವುದೂ ಉಂಟು. ಮೆನುವಿನಲ್ಲಿ ಎನ್‌ಟಿಎಸ್‌ಸಿ (ಅಮೆರಿಕದ ಆ 29.97ರ ಪದ್ಧತಿ) ಇದ್ದರೆ ಪಾಲ್ ಮಾಡಿ. 25ರಲ್ಲಿ ಡ್ರಾಪ್ ಫ್ರೇಮಿನ ಗೊಂದಲವೇ ಇಲ್ಲ, ಜೊತೆಗೆ ಛತ್ರದ ಟ್ಯೂಬ್‌ಲೈಟು ಮಿಣುಕುವುದೂ ಕಡಿಮೆ. ಮೊಬೈಲಿನಲ್ಲಿ ಒಂದು ಹೆಚ್ಚಿನ ತೊಡಕಿದೆ. ಬೆಳಕು ಕಡಿಮೆಯಾದರೆ ಹಲವು ಫೋನುಗಳು ತಾವೇ ಫ್ರೇಮ್ ರೇಟ್ ಇಳಿಸಿಕೊಳ್ಳುತ್ತವೆ. ಅಂಥ ಫೈಲನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಒಂದೇ ಸಮನಾದ ಫ್ರೇಮ್ ರೇಟಿಗೆ ಬದಲಾಯಿಸಿಕೊಂಡೇ ಎಡಿಟಿಂಗಿಗೆ ತೆಗೆದುಕೊಳ್ಳಬೇಕು.

ಕೋಡ್ ಸಾಗುವ ಎರಡು ದಾರಿ: ಎಲ್‌ಟಿಸಿ, ಎಂಟಿಸಿ

ನಂಬರು ಒಂದು ಉಪಕರಣದಿಂದ ಇನ್ನೊಂದಕ್ಕೆ ಹೋಗಬೇಕು. ಹಳೆಯ, ಗಟ್ಟಿಮುಟ್ಟಾದ ದಾರಿ ಎಲ್‌ಟಿಸಿ, ಅಂದರೆ ಲೀನಿಯರ್ ಟೈಮ್‌ಕೋಡ್. ಇದು ಕಿವಿಗೆ ಕೇಳುವ ಧ್ವನಿಯೇ. ಪ್ರತಿ ಫ್ರೇಮಿಗೆ 80 ಬಿಟ್, 25 ಫ್ರೇಮಿನಲ್ಲಿ ಸೆಕೆಂಡಿಗೆ 2,000 ಬಿಟ್. ಬಿಟ್ ಸೊನ್ನೆಯಾದರೆ ಅಲೆ ಒಂದು ಸಲ ತಿರುಗುತ್ತದೆ, ಒಂದಾದರೆ ನಡುವೆ ಇನ್ನೊಂದು ಸಲವೂ ತಿರುಗುತ್ತದೆ. ಹಾಗಾಗಿ ಇಡೀ ಸಂಕೇತ 1,000ದಿಂದ 2,000 ಹರ್ಟ್ಜ್ ನಡುವೆ ಆಡುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ನಿಲ್ಲದ ಕರಕರ ಸದ್ದು, ಸೆಕೆಂಡು ಬದಲಾದಾಗ ಅದರ ರಾಗ ಒಂದಿಷ್ಟು ಹೊರಳಿದಂತೆ ಕೇಳುತ್ತದೆ. ಪ್ರತಿ 80 ಬಿಟ್‌ನ ಕೊನೆಯ 16 ಬಿಟ್ ಯಾವಾಗಲೂ ಒಂದೇ ಮಾದರಿ: ನಡುವೆ ಹನ್ನೆರಡು ಒಂದುಗಳ ಸಾಲು. ಅಂಥ ಸಾಲು ಬೇರೆಲ್ಲೂ ಬರದಂತೆ ಕೋಡನ್ನು ಕಟ್ಟಿದ್ದಾರೆ. ಅದನ್ನು ಕಂಡ ತಕ್ಷಣ ಓದುವ ಯಂತ್ರಕ್ಕೆ ಫ್ರೇಮ್ ಮುಗಿಯಿತು ಎಂದು ತಿಳಿಯುತ್ತದೆ. ಆ ಮಾದರಿ ಎಡದಿಂದ ಓದಿದರೆ ಒಂದು ಥರ, ಬಲದಿಂದ ಓದಿದರೆ ಇನ್ನೊಂದು ಥರ ಇರುವುದರಿಂದ ಟೇಪ್ ಹಿಮ್ಮುಖವಾಗಿ ಓಡುತ್ತಿದ್ದರೂ ಗೊತ್ತಾಗುತ್ತದೆ. ಇಷ್ಟು ಯೋಚಿಸಿ ಕಟ್ಟಿದ್ದಕ್ಕೇ ಇದು ಇಷ್ಟು ವರ್ಷ ಬಾಳಿದೆ.

ಧ್ವನಿಯೇ ಆದ್ದರಿಂದ ಎಲ್‌ಟಿಸಿಯನ್ನು ಸಾಮಾನ್ಯ ಆಡಿಯೋ ವೈರಿನಲ್ಲಿ ಕಳಿಸಬಹುದು, ಕ್ಯಾಮೆರಾದ ಮೈಕ್ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಬಹುದು. ಆದರೆ ಸಂಗೀತಕ್ಕೆ ಮಾಡುವ ಉಪಚಾರವನ್ನು ಇದಕ್ಕೆ ಮಾಡಬಾರದು. ಇಕ್ಯೂ ಬೇಡ, ಕಂಪ್ರೆಸರ್ ಬೇಡ, ನಾಯ್ಸ್ ರಿಡಕ್ಷನ್ ಬೇಡ, ಎಂಪಿ3 ಬೇಡ, ವೇವ್ ಫೈಲ್ ಆಗಿಯೇ ಇರಲಿ. ಮಟ್ಟ ತೀರ ಏರಿಸಿದರೆ ಪಕ್ಕದ ಟ್ರ್ಯಾಕಿಗೆ ಸೋರುತ್ತದೆ, ತೀರ ಇಳಿಸಿದರೆ ಯಂತ್ರ ಓದಲಾರದು.

ಎರಡನೆಯ ದಾರಿ ಎಂಟಿಸಿ, ಅಂದರೆ ಮಿಡಿ ಟೈಮ್‌ಕೋಡ್. 1980ರ ದಶಕದಲ್ಲಿ ಬಂದದ್ದು. ಇದರಲ್ಲಿ ಸದ್ದಿಲ್ಲ, ಕೀಬೋರ್ಡಿನ ಸ್ವರಗಳು ಸಾಗುವ ಮಿಡಿ ದಾರಿಯಲ್ಲೇ ನಂಬರುಗಳೂ ಸಾಗುತ್ತವೆ. ಒಂದು ಫ್ರೇಮಿಗೆ ನಾಲ್ಕು ಚಿಕ್ಕ ಸಂದೇಶ ಹೋಗುತ್ತವೆ. ಪೂರ್ತಿ ಸಮಯ ಹೇಳಲು ಇಂಥ ಎಂಟು ಸಂದೇಶ ಬೇಕು, ಅಂದರೆ ಎರಡು ಫ್ರೇಮ್. ಒಂದೇ ಕಂಪ್ಯೂಟರಿನ ಎರಡು ಸಾಫ್ಟ್‌ವೇರುಗಳ ನಡುವೆ ಕಳಿಸಲು ಇದು ಸುಲಭ. ಮ್ಯಾಕ್‌ನಲ್ಲಿ ಐಎಸಿ ಡ್ರೈವರ್ ಅದರೊಳಗೇ ಇರುತ್ತದೆ, ವಿಂಡೋಸ್‌ನಲ್ಲಿ ಲೂಪ್‌ಮಿಡಿ ಎಂಬ ಪುಟ್ಟ ಸಾಫ್ಟ್‌ವೇರ್ ಹಾಕಿಕೊಂಡರೆ ವೈರಿಲ್ಲದೆ ಕೆಲಸ ಆಗುತ್ತದೆ.

ಮಿಡಿ ಕ್ಲಾಕ್ ಎಂಬ ಇನ್ನೊಂದು ಇದೆ, ಹೆಸರು ಹತ್ತಿರವಾದ್ದರಿಂದ ಎಷ್ಟೋ ಜನ ಇದನ್ನೇ ಆರಿಸಿಬಿಡುತ್ತಾರೆ. ಅದು ಲಯದ ಲೆಕ್ಕ: ಒಂದು ಕ್ವಾರ್ಟರ್ ನೋಟಿಗೆ 24 ತುಡಿತ. ರಿದಂ ಪ್ಯಾಡ್, ಕೀಬೋರ್ಡುಗಳನ್ನು ಒಂದೇ ಟೆಂಪೋಗೆ ತರಲು ಅದು ಬೇಕು. ವಿಡಿಯೋಗೆ ಅದರಿಂದ ಪ್ರಯೋಜನವಿಲ್ಲ.

ಜಾಗ ಬೇರೆ, ವೇಗ ಬೇರೆ

ಈಗ ಬಸ್ಸಿನ ವೇಗಕ್ಕೆ ಬರೋಣ. ಹೊರಗಿನ ಉಪಕರಣ ಟೈಮ್‌ಕೋಡ್ ಕಳಿಸುತ್ತಿದೆ, ನಿಮ್ಮ ಆಡಿಯೋ ಸಾಫ್ಟ್‌ವೇರ್ ಅದನ್ನು ಹಿಂಬಾಲಿಸುತ್ತಿದೆ. ಕೋಡ್ 01:00:10:00 ಎಂದಿತು, ಸಾಫ್ಟ್‌ವೇರ್ ಆ ಜಾಗದಿಂದ ನುಡಿಸಲು ಶುರುಮಾಡಿತು. ಆದರೆ ನುಡಿಸುವ ವೇಗವನ್ನು ನಿರ್ಧರಿಸುವುದು ಸೌಂಡ್ ಕಾರ್ಡಿನ ಹರಳು. ಹತ್ತಿಪ್ಪತ್ತು ನಿಮಿಷದಲ್ಲಿ ಇಬ್ಬರ ಲೆಕ್ಕ ಬೇರೆಯಾಗುತ್ತದೆ. ಆಗ ಸಾಫ್ಟ್‌ವೇರಿನ ಮುಂದೆ ಇರುವ ದಾರಿಗಳು ಎರಡೇ. ಒಂದು, ತಾನು ತಪ್ಪಿದ್ದನ್ನು ಕಂಡು ಸರಿಯಾದ ಜಾಗಕ್ಕೆ ಹಾರುವುದು. ಹಾಡಿನ ನಡುವೆ ‘ಟಕ್’ ಎಂದು ಕೇಳುವುದು ಇದೇ. ಇಲ್ಲವೇ ವೇಗವನ್ನು ಒಂದಿಷ್ಟೇ ಏರಿಸಿ ಇಳಿಸಿ ಹತ್ತಿರ ಬರುವುದು. ಆಗ ಶ್ರುತಿ ಸೂಕ್ಷ್ಮವಾಗಿ ಅಲುಗುತ್ತದೆ.

ಪಕ್ಕಾ ಪರಿಹಾರವೆಂದರೆ ಎರಡೂ ಉಪಕರಣ ಒಂದೇ ಹರಳನ್ನು ನಂಬುವುದು. ಅದಕ್ಕಿರುವುದು ವರ್ಡ್ ಕ್ಲಾಕ್. ಸೆಕೆಂಡಿಗೆ 48,000 ತುಡಿತವನ್ನು ಒಂದು ಉಪಕರಣ ಕಳಿಸುತ್ತದೆ, ಉಳಿದವು ತಮ್ಮ ಹರಳನ್ನು ಬದಿಗಿಟ್ಟು ಆ ತುಡಿತಕ್ಕೆ ಹೆಜ್ಜೆ ಹಾಕುತ್ತವೆ. ದೊಡ್ಡ ಸೌಂಡ್ ಕಾರ್ಡುಗಳ ಹಿಂದೆ ಬಿಎನ್‌ಸಿ ಎಂಬ ಗುಂಡು ಸಾಕೆಟ್ಟಿನಲ್ಲಿ ಇದು ಇರುತ್ತದೆ. ಎಸ್‌ಪಿಡಿಐಎಫ್, ಏಡ್ಯಾಟ್ ಮುಂತಾದ ಡಿಜಿಟಲ್ ಸಂಪರ್ಕಗಳಲ್ಲಿ ಈ ತುಡಿತ ಧ್ವನಿಯ ಜೊತೆಗೇ ಬರುತ್ತದೆ. ಡಿಜಿಟಲ್ ಮಿಕ್ಸರನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಸೇರಿಸಿ ಅದನ್ನೇ ಸೌಂಡ್ ಕಾರ್ಡ್ ಆಗಿ ಬಳಸಿದರೂ ಇದೇ ಫಲ ಸಿಗುತ್ತದೆ, ಏಕೆಂದರೆ ಆಗ ಮಿಕ್ಸರಿನ ಹರಳು ಒಂದೇ ಲೆಕ್ಕ ಹಿಡಿಯುತ್ತದೆ.

ಸಣ್ಣ ಸ್ಟುಡಿಯೋಗಳಿಗೆ ವರ್ಡ್ ಕ್ಲಾಕ್ ಕಡ್ಡಾಯವೇನೂ ಅಲ್ಲ. ಐದು ನಿಮಿಷದ ಹಾಡಿಗೆ ಟೈಮ್‌ಕೋಡ್ ಒಂದೇ ಸಾಕು. ಎರಡು ಗಂಟೆ ನಿಲ್ಲದೆ ಓಡಬೇಕಾದ ಕೆಲಸಕ್ಕೆ ಮಾತ್ರ ವೇಗದ ವಿಚಾರವನ್ನು ಬಿಟ್ಟು ಮುಂದೆ ಹೋಗಬಾರದು.

ಸಾಫ್ಟ್‌ವೇರಿನಲ್ಲಿ ಹೊಂದಿಸುವುದು

ಮೊದಲು ತೀರ್ಮಾನಿಸಬೇಕಾದ್ದು ಮುಂದಾಳು ಯಾರು, ಹಿಂಬಾಲಕರು ಯಾರು ಎಂಬುದು. ಮುಂದಾಳು ಒಬ್ಬನೇ ಇರಬೇಕು. ಎರಡು ಕಡೆಯಿಂದ ಕೋಡ್ ಹೊರಟರೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಉದಾಹರಣೆಗೆ ರೀಪರ್ ತೆಗೆದುಕೊಳ್ಳುತ್ತೇನೆ. ಎಲ್‌ಟಿಸಿ, ಎಂಟಿಸಿ ಎರಡನ್ನೂ ಬೇರೆ ಪೆಟ್ಟಿಗೆಯ ನೆರವಿಲ್ಲದೆ ಓದಬಲ್ಲ ಸಾಫ್ಟ್‌ವೇರ್ ಅದು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ಯಾಂಪಲ್ ರೇಟ್ 48,000, ಫ್ರೇಮ್ ರೇಟ್ 25 ಎಂದು ಇಡಿ. ಕೋಡ್ 01:00:00:00ರಿಂದ ಶುರುವಾಗುವುದಾದರೆ ಪ್ರಾಜೆಕ್ಟಿನ ಆರಂಭದ ಸಮಯವನ್ನೂ ಅದೇ ಮಾಡಿ. ಇದನ್ನು ಮರೆತರೆ ಸಾಫ್ಟ್‌ವೇರ್ ನಿಮ್ಮ ಹಾಡನ್ನು ಬಿಟ್ಟು ಒಂದು ಗಂಟೆ ಮುಂದಿನ ಖಾಲಿ ಜಾಗಕ್ಕೆ ಹಾರಿ ಮೌನವಾಗಿ ಓಡುತ್ತಿರುತ್ತದೆ, ನೋಡುವವರಿಗೆ ಏನೂ ಆಗುತ್ತಿಲ್ಲ ಅನಿಸುತ್ತದೆ.

ನಂತರ ಪ್ಲೇ ಬಟನ್ ಮೇಲೆ ಮೌಸಿನ ಬಲಬದಿ ಒತ್ತಿದರೆ ಎಕ್ಸ್‌ಟರ್ನಲ್ ಟೈಮ್‌ಕೋಡ್ ಸೆಟ್ಟಿಂಗ್‌ಗಳು ಸಿಗುತ್ತವೆ. ಅಲ್ಲಿ ಸಿಂಕ್ ಚಾಲೂ ಮಾಡಿ ಕೋಡ್ ಎಲ್ಲಿಂದ ಬರುತ್ತದೆ ಎಂದು ಆರಿಸಬೇಕು: ಎಲ್‌ಟಿಸಿಯಾದರೆ ಯಾವ ಆಡಿಯೋ ಇನ್‌ಪುಟ್, ಎಂಟಿಸಿಯಾದರೆ ಯಾವ ಮಿಡಿ ಇನ್‌ಪುಟ್. ಮಿಡಿ ಇನ್‌ಪುಟ್ ಪ್ರಿಫರೆನ್ಸಸ್‌ನಲ್ಲಿ ಚಾಲೂ ಇರಬೇಕು ಎನ್ನುವುದನ್ನೂ ನೋಡಿಕೊಳ್ಳಿ. ಕೋಡ್ ಬಂದ ಕೂಡಲೇ ತಾನಾಗಿ ನುಡಿಸಲು ಶುರುಮಾಡುವ ಆಯ್ಕೆಯೂ ಅಲ್ಲೇ ಇದೆ.

ಅದೇ ಕಿಟಕಿಯಲ್ಲಿ ಇನ್ನೆರಡು ಅಂಕಿಗಳಿವೆ. ಒಂದು, ಕೋಡ್ ನಡುವೆ ಕಡಿದುಹೋದರೆ ಎಷ್ಟು ಹೊತ್ತು ತಾನೇ ಮುಂದುವರಿಯಬೇಕು ಎಂಬುದು. ಇದಕ್ಕೆ ಫ್ರೀವೀಲ್ ಅಥವಾ ಫ್ಲೈವೀಲ್ ಎನ್ನುತ್ತಾರೆ. ಯಾರೋ ವೈರ್ ತುಳಿದು ಅರೆಕ್ಷಣ ಕೋಡ್ ನಿಂತಿತು ಎನ್ನಿ. ಇದನ್ನು ಸೊನ್ನೆ ಇಟ್ಟಿದ್ದರೆ ಹಾಡೇ ನಿಂತುಹೋಗುತ್ತದೆ, ಒಂದೆರಡು ಸೆಕೆಂಡ್ ಇಟ್ಟಿದ್ದರೆ ಸಭೆಗೆ ಗೊತ್ತಾಗುವುದೇ ಇಲ್ಲ. ತೀರ ಉದ್ದ ಇಟ್ಟರೆ ನೀವು ನಿಲ್ಲಿಸಿದ ಮೇಲೂ ಓಡುತ್ತಲೇ ಇರುತ್ತದೆ. ಇನ್ನೊಂದು ಆಫ್‌ಸೆಟ್. ಎಲ್ಲವೂ ಸರಿಯಿದ್ದು ಉದ್ದಕ್ಕೂ ಒಂದೇ ಅಳತೆಯ ಅಂತರ ಇದ್ದರೆ ಅದನ್ನು ಕೂಡಿಸಿ ಕಳೆಯಲು ಇರುವ ಜಾಗ ಇದು.

ಕೋಡ್ ಬಂದ ಮೊದಲ ಫ್ರೇಮಿಗೇ ಯಾವ ಯಂತ್ರವೂ ಸಿಂಕ್ ಆಗುವುದಿಲ್ಲ. ಓದಿ, ಜಾಗ ಹುಡುಕಿ, ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಹಾಡಿಗಿಂತ ಐದರಿಂದ ಹತ್ತು ಸೆಕೆಂಡ್ ಮುಂಚೆ ಕೋಡ್ ಹೊರಡಬೇಕು. ಇದಕ್ಕೆ ಪ್ರೀರೋಲ್ ಎನ್ನುತ್ತಾರೆ. ವೃತ್ತಿಪರರು ಕೋಡನ್ನು ಸೊನ್ನೆಯಿಂದ ಶುರುಮಾಡದೆ ಒಂದು ಗಂಟೆಯಿಂದ ಶುರುಮಾಡುವುದೂ ಇದಕ್ಕೇ. 00:00:00:00ಕ್ಕೆ ಹತ್ತು ಸೆಕೆಂಡ್ ಹಿಂದೆ ಹೋದರೆ 23:59:50:00 ಬರುತ್ತದೆ, ಅಲ್ಲಿ ಯಂತ್ರ ದಿಕ್ಕು ತಪ್ಪುತ್ತದೆ.

ಕ್ಯೂಬೇಸ್‌ನಲ್ಲಿ ಇದೇ ಕೆಲಸ ಟ್ರಾನ್ಸ್‌ಪೋರ್ಟ್ ಮೆನುವಿನ ಪ್ರಾಜೆಕ್ಟ್ ಸಿಂಕ್ರೊನೈಸೇಶನ್ ಸೆಟಪ್‌ನಲ್ಲಿದೆ. ಪ್ರೊ ಟೂಲ್ಸ್‌ನಲ್ಲಿ ಸೆಷನ್ ಸೆಟಪ್‌ನಲ್ಲಿ ಆರಂಭದ ಸಮಯ, ಫ್ರೇಮ್ ರೇಟ್ ಕೊಟ್ಟು ಟ್ರಾನ್ಸ್‌ಪೋರ್ಟಿನ ಆನ್‌ಲೈನ್ ಬಟನ್ ಒತ್ತಬೇಕು. ಲಾಜಿಕ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಸಿಂಕ್ರೊನೈಸೇಶನ್ ಪುಟ. ಹೆಸರು ಬೇರೆಯಾದರೂ ಕೇಳುವ ಪ್ರಶ್ನೆಗಳು ಅವೇ. ಆಡಾಸಿಟಿ ಹೊರಗಿನ ಕೋಡನ್ನು ಹಿಂಬಾಲಿಸುವುದಿಲ್ಲ, ಕತ್ತರಿಸಿ ಅಂಟಿಸುವ ಕೆಲಸಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ವೇದಿಕೆಯಲ್ಲಿ: ಹಾಡು ಮುಂದಾಳು

ವೇದಿಕೆ ಕಾರ್ಯಕ್ರಮದಲ್ಲಿ ಆಡಿಯೋ ಸಾಫ್ಟ್‌ವೇರನ್ನೇ ಮುಂದಾಳು ಮಾಡುವುದು ಒಳ್ಳೆಯದು. ಹಾಡು ‘ಟಕ್’ ಎಂದು ಹಾರಿದರೆ ಇಡೀ ಸಭೆಗೆ ಕೇಳುತ್ತದೆ, ಬೆಳಕು ಒಂದು ಫ್ರೇಮ್ ಹಾರಿದರೆ ಯಾರಿಗೂ ಕಾಣುವುದಿಲ್ಲ.

ರೀಪರ್‌ನ ಇನ್ಸರ್ಟ್ ಮೆನುವಿನಲ್ಲಿ ಟೈಮ್‌ಕೋಡ್ ಜನರೇಟರ್ ಇದೆ. ಒಂದು ಖಾಲಿ ಟ್ರ್ಯಾಕಿನಲ್ಲಿ ಅದನ್ನು ಹಾಕಿ, ಹಾಡಿನಷ್ಟೇ ಉದ್ದ ಎಳೆದು, ಆರಂಭದ ಸಮಯ ಮತ್ತು ಫ್ರೇಮ್ ರೇಟ್ ಕೊಟ್ಟರೆ ಎಲ್‌ಟಿಸಿ ಸಿದ್ಧ. ಸೌಂಡ್ ಕಾರ್ಡಿಗೆ ನಾಲ್ಕು ಔಟ್‌ಪುಟ್ ಇದ್ದರೆ ಒಂದು, ಎರಡು ಹಾಡಿಗೆ, ಮೂರನೆಯದು ಕೋಡಿಗೆ. ಎರಡೇ ಇದ್ದರೆ ಎಡಗಡೆ ಹಾಡು ಮೋನೋದಲ್ಲಿ, ಬಲಗಡೆ ಕೋಡ್. ಇಲ್ಲಿ ಜಾಗ್ರತೆ ಬೇಕು. ಕೋಡಿನ ಟ್ರ್ಯಾಕಿನಿಂದ ಮಾಸ್ಟರಿಗೆ ಹೋಗುವ ದಾರಿಯನ್ನು ಮುಚ್ಚಿ ಕೋಡಿಗೆ ಮೀಸಲಾದ ಔಟ್‌ಪುಟ್ಟಿಗೆ ಮಾತ್ರ ಬಿಡಬೇಕು. ಇಲ್ಲದಿದ್ದರೆ ಆ ಕರಕರ ಸದ್ದು ನೇರ ಸ್ಪೀಕರ್ ಗೋಪುರಕ್ಕೆ ಹೋಗುತ್ತದೆ. ವೈರ್ ಜೋಡಿಸಿದ ಮೇಲೆ ಪವರ್ ಆಂಪ್ಲಿಫೈಯರ್ ಇಳಿಸಿಟ್ಟು ಒಂದು ಸಲ ಓಡಿಸಿ ನೋಡುವುದು ಕ್ಷೇಮ. ಬೆಳಕಿನ ಡೆಸ್ಕ್ ದೂರದಲ್ಲಿದ್ದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರಿನಲ್ಲಿ, ನಡುವೆ ಡಿಐ ಪೆಟ್ಟಿಗೆ (ಸಂಕೇತವನ್ನು ಉದ್ದದ ವೈರಿಗೆ ಹೊಂದುವಂತೆ ಮಾಡುವ ಉಪಕರಣ) ಇಟ್ಟು ಕಳಿಸಿ.

ಪ್ರತಿ ಹಾಡಿಗೂ ಒಂದೊಂದು ಗಂಟೆ ಮೀಸಲಿಡುವ ರೂಢಿ ಇದೆ. ಮೊದಲ ಹಾಡು 01:00:00:00ರಿಂದ, ಎರಡನೆಯದು 02:00:00:00ರಿಂದ, ಹೀಗೆ. ಹಾಡಿನ ಉದ್ದ ಐದೇ ನಿಮಿಷವಾದರೂ ಸರಿ. ಕೊನೆ ಗಳಿಗೆಯಲ್ಲಿ ಅತಿಥಿಗಳು ತಡವಾಗಿ ಬಂದು ಮೂರನೇ ಹಾಡನ್ನು ಮೊದಲು ಹಾಕಬೇಕಾಗಿ ಬಂದರೆ ಬೆಳಕಿನವರು, ಪರದೆಯವರು ಏನನ್ನೂ ಬದಲಾಯಿಸಬೇಕಿಲ್ಲ. ಕೋಡ್ 03 ಎಂದ ಕೂಡಲೇ ಅವರ ಯಂತ್ರಗಳು ಮೂರನೇ ಹಾಡಿನ ಪಟ್ಟಿಗೆ ಹೋಗುತ್ತವೆ. ಕಾರ್ಯಕ್ರಮದ ಕ್ರಮ ಕೊನೆಯವರೆಗೂ ಬದಲಾಗುತ್ತಲೇ ಇರುವ ನಮ್ಮ ಸಭೆಗಳಿಗೆ ಇದಕ್ಕಿಂತ ಹೇಳಿಮಾಡಿಸಿದ ಪದ್ಧತಿ ಇಲ್ಲ.

ಎಲ್‌ಇಡಿ ಪರದೆ ಮಾತ್ರ ಯಾವಾಗಲೂ ಒಂದೆರಡು ಫ್ರೇಮ್ ಹಿಂದೆ ಇರುತ್ತದೆ. ಚಿತ್ರವನ್ನು ಪರದೆಗೆ ಹಂಚುವ ಪ್ರೊಸೆಸರ್ ತೆಗೆದುಕೊಳ್ಳುವ ಸಮಯ ಅದು. ಪರದೆಯ ಕಂಪ್ಯೂಟರಿನಲ್ಲಿ ಅಷ್ಟೇ ಫ್ರೇಮ್ ಮುಂದಕ್ಕೆ ಆಫ್‌ಸೆಟ್ ಕೊಟ್ಟರೆ ಮುಗಿಯಿತು.

ಮದುವೆ, ನಾಟಕ: ಕೋಡ್ ಹಂಚಿ ಬಿಡುವುದು

ಚಿತ್ರೀಕರಣದಲ್ಲಿ ಎಲ್ಲ ಕ್ಯಾಮೆರಾಗಳನ್ನೂ ವೈರಿನಲ್ಲಿ ಕಟ್ಟಿಹಾಕಲು ಆಗುವುದಿಲ್ಲ. ಅದಕ್ಕೆ ಜ್ಯಾಮ್ ಸಿಂಕ್. ಬೆಳಿಗ್ಗೆ ಎಲ್ಲ ಪುಟ್ಟ ಟೈಮ್‌ಕೋಡ್ ಪೆಟ್ಟಿಗೆಗಳನ್ನೂ ಒಂದಕ್ಕೊಂದು ಸೇರಿಸಿ ಒಂದೇ ನಂಬರಿಗೆ ತರುತ್ತಾರೆ. ಆಮೇಲೆ ಬಿಡಿಸಿ ಕ್ಯಾಮೆರಾಗೊಂದು, ರೆಕಾರ್ಡರಿಗೊಂದು ಸಿಕ್ಕಿಸುತ್ತಾರೆ. ಅಲ್ಲಿಂದ ಪ್ರತಿಯೊಂದೂ ತಾನೇ ಎಣಿಸುತ್ತಾ ಹೋಗುತ್ತದೆ. ಈ ಪೆಟ್ಟಿಗೆಗಳ ಹರಳು ಬಿಸಿಲು ಚಳಿಯ ಲೆಕ್ಕ ಹಿಡಿದು ತನ್ನನ್ನು ತಾನೇ ತಿದ್ದಿಕೊಳ್ಳುವಂಥದ್ದು. ಒಳ್ಳೆಯ ಪೆಟ್ಟಿಗೆ 24 ಗಂಟೆಯಲ್ಲಿ ಒಂದು ಫ್ರೇಮಿನಷ್ಟೂ ತಪ್ಪುವುದಿಲ್ಲ.

ಟೈಮ್‌ಕೋಡ್ ಸಾಕೆಟ್ ಇಲ್ಲದ ಕ್ಯಾಮೆರಾದಲ್ಲಿ ಮೈಕ್ ಇನ್‌ಪುಟ್ಟಿಗೆ ಎಲ್‌ಟಿಸಿ ಕೊಡುತ್ತಾರೆ. ಪೆಟ್ಟಿಗೆಯಲ್ಲಿ ಲೈನ್, ಮೈಕ್ ಎಂಬ ಆಯ್ಕೆಯಿದ್ದರೆ ಮೈಕ್ ಇಡಿ. ಕ್ಯಾಮೆರಾದಲ್ಲಿ ಧ್ವನಿಯ ಮಟ್ಟ ತಾನಾಗಿ ಹೊಂದಿಕೊಳ್ಳುವ ಆಟೋ ಗೇನ್, ಗಾಳಿಯ ಸದ್ದು ತೆಗೆಯುವ ವಿಂಡ್ ಫಿಲ್ಟರ್ ಎರಡನ್ನೂ ತೆಗೆದುಬಿಡಿ. ನಂತರ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್ಪುಗಳನ್ನು ಆರಿಸಿ, ಮೌಸಿನ ಬಲಬದಿ ಒತ್ತಿ, ಆಡಿಯೋ ಟ್ರ್ಯಾಕಿನಿಂದ ಟೈಮ್‌ಕೋಡ್ ಪಡೆಯುವ ಆಯ್ಕೆ ಒತ್ತಿದರೆ ಅದು ಆ ಕರಕರ ಸದ್ದನ್ನು ಓದಿ ಪ್ರತಿ ಕ್ಲಿಪ್ಪಿಗೂ ವಿಳಾಸ ಬರೆಯುತ್ತದೆ.

ಧ್ವನಿಯ ಫೈಲಿನಲ್ಲಿ ಈ ವಿಳಾಸ ಇರುವ ರೀತಿಯನ್ನು ಒಮ್ಮೆ ಗಮನಿಸಬೇಕು. ಬ್ರಾಡ್‌ಕಾಸ್ಟ್ ವೇವ್ ಫೈಲಿನ ತಲೆಭಾಗದಲ್ಲಿ ಒಂದೇ ಒಂದು ಸಂಖ್ಯೆ ಇರುತ್ತದೆ: ಮಧ್ಯರಾತ್ರಿಯಿಂದ ಎಷ್ಟನೇ ಸ್ಯಾಂಪಲ್‌ಗೆ ಈ ಫೈಲ್ ಶುರುವಾಯಿತು ಎಂಬುದು. 01:00:00:00ಕ್ಕೆ ಶುರುವಾದ 48,000 ಹರ್ಟ್ಜ್ ಫೈಲಿನಲ್ಲಿ ಅದು 17,28,00,000. ಶುರುವಿನ ಕಲ್ಲು ಮಾತ್ರ ಬರೆದಿದೆ, ನಡುವಿನ ಕಲ್ಲುಗಳಿಲ್ಲ. ಅಲ್ಲಿಂದ ಮುಂದೆ ರೆಕಾರ್ಡರ್ ತನ್ನ ಹರಳಿನ ವೇಗದಲ್ಲೇ ಓಡಿರುತ್ತದೆ. ಪೆಟ್ಟಿಗೆ ಎಷ್ಟೇ ನಿಖರವಾಗಿದ್ದರೂ ಎರಡು ಗಂಟೆ ನಿಲ್ಲಿಸದೆ ಹೊಡೆದ ಒಂದೇ ಕ್ಲಿಪ್ಪಿನ ಕೊನೆ ತಪ್ಪುವುದು ಇದಕ್ಕೇ. ಪೆಟ್ಟಿಗೆ ಕೊಂಡವರ ದೂರಿನ ಮೂಲ ಇಲ್ಲಿದೆ.

ಪರಿಹಾರ ಸುಲಭ. ಶಾಸ್ತ್ರ ಶಾಸ್ತ್ರಗಳ ನಡುವೆ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರುಮಾಡಿ. ಪ್ರತಿ ಹೊಸ ಕ್ಲಿಪ್ಪಿಗೂ ಹೊಸ ವಿಳಾಸ ಬೀಳುತ್ತದೆ, ಕೂಡಿಕೊಂಡ ತಪ್ಪು ಅಳಿಸಿಹೋಗುತ್ತದೆ. 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುವ ಹಳೆಯ ಸ್ಟಿಲ್ ಕ್ಯಾಮೆರಾಗಳು ಈ ವಿಷಯದಲ್ಲಿ ಉಪಕಾರವನ್ನೇ ಮಾಡುತ್ತವೆ. ನಾಟಕದಲ್ಲಿ ದೃಶ್ಯ ಬದಲಾಗಿ ಕತ್ತಲಾದಾಗ ಇದನ್ನು ಮಾಡಬಹುದು. ಕ್ಯಾಮೆರಾಗಳು ಒಟ್ಟಿಗೆ ನಿಲ್ಲದೆ ಒಂದಾದ ಮೇಲೊಂದು ನಿಂತು ಶುರುವಾದರೆ ಯಾವ ಮಾತೂ ಕಳೆಯುವುದಿಲ್ಲ.

ರಾತ್ರಿ ಹನ್ನೆರಡು ದಾಟುವ ಆಟ

ಟೈಮ್‌ಕೋಡನ್ನು ಗಡಿಯಾರದ ಸಮಯಕ್ಕೆ ಇಡುವ ಅಭ್ಯಾಸ ಹಲವರದ್ದು. ಸಂಜೆ 7ಕ್ಕೆ ಶುರುವಾದರೆ 19:00:00:00. ಹಗಲಿನ ಮದುವೆಗೆ ಇದು ಅನುಕೂಲ. ಆದರೆ ನಮ್ಮ ಸೀಮೆಯ ದೊಡ್ಡಾಟ ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೂ ನಡೆಯುತ್ತದೆ. 23:59:59:24 ಆದ ಮೇಲಿನ ಫ್ರೇಮ್ 00:00:00:00. ಎಡಿಟಿಂಗ್ ಸಾಫ್ಟ್‌ವೇರಿಗೆ ವಿಳಾಸ ನೋಡಿ ಜೋಡಿಸು ಎಂದರೆ ಕ್ಲೈಮ್ಯಾಕ್ಸಿನ ಯುದ್ಧವನ್ನು ಗಣಪತಿ ಸ್ತುತಿಗಿಂತ ಮುಂಚೆ ಇಡುತ್ತದೆ. ಹನ್ನೆರಡನ್ನು ದಾಟಿ ಹೋದ ಕ್ಲಿಪ್ಪುಗಳಲ್ಲಿ ಕೆಲವು ಸಾಫ್ಟ್‌ವೇರುಗಳು ಗೊಂದಲಕ್ಕೆ ಬೀಳುತ್ತವೆ. ಇಂಥ ಕೆಲಸಕ್ಕೆ ಗಡಿಯಾರವನ್ನು ಮರೆತು 01:00:00:00ರಿಂದ ಶುರುಮಾಡಿ. ಎಂಟು ಗಂಟೆಯ ಆಟ 09:00:00:00ಕ್ಕೆ ಮುಗಿಯುತ್ತದೆ.

ಇನ್ನು ರೆಕ್ ರನ್, ಫ್ರೀ ರನ್ ಎಂಬ ಆಯ್ಕೆ. ರೆಕ್ ರನ್ ಇಟ್ಟರೆ ರೆಕಾರ್ಡ್ ಆಗುವಾಗ ಮಾತ್ರ ಎಣಿಕೆ ಓಡುತ್ತದೆ. ಎರಡು ಕ್ಯಾಮೆರಾ ಬೇರೆ ಬೇರೆ ಹೊತ್ತಿಗೆ ನಿಂತು ಹೊರಟರೆ ನಂಬರುಗಳು ಎಂದೂ ಕೂಡುವುದಿಲ್ಲ. ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇದ್ದರೆ ಫ್ರೀ ರನ್ನೇ ಬೇಕು.

ಕೋಡಿನ ತಪ್ಪಲ್ಲದ ತಪ್ಪು

ಎಲ್ಲ ಸರಿ ಮಾಡಿದ ಮೇಲೂ ಹಿಂದಿನ ಕ್ಯಾಮೆರಾದ ಸದ್ದು ಒಂದು ಫ್ರೇಮ್ ತಡವಾಗಿ ಕೇಳಬಹುದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. 40 ಮಿಲಿಸೆಕೆಂಡಿನಲ್ಲಿ ಸುಮಾರು 14 ಮೀಟರ್. ದೊಡ್ಡ ಛತ್ರದ ಹಿಂದಿನ ಗೋಡೆಯ ಬಳಿ ನಿಲ್ಲಿಸಿದ ಕ್ಯಾಮೆರಾದ ಮೈಕಿಗೆ ಗಟ್ಟಿಮೇಳ ಒಂದೆರಡು ಫ್ರೇಮ್ ತಡವಾಗಿಯೇ ಮುಟ್ಟುತ್ತದೆ. ಧ್ವನಿಯ ಅಲೆಯ ಆಕಾರ ನೋಡಿ ಜೋಡಿಸುವ ಸಾಫ್ಟ್‌ವೇರುಗಳು ಇಲ್ಲಿ ಮೋಸಹೋಗುತ್ತವೆ. ಅವು ಆ ತಡವಾದ ಸದ್ದನ್ನು ಹತ್ತಿರದ ಸದ್ದಿಗೆ ಹೊಂದಿಸಿ, ಸರಿಯಾಗಿದ್ದ ಚಿತ್ರವನ್ನು ಮುಂದಕ್ಕೆ ತಳ್ಳುತ್ತವೆ. ಟೈಮ್‌ಕೋಡಿಗೆ ಆ ತೊಂದರೆ ಇಲ್ಲ. ಚಿತ್ರ ಕೋಡಿನಂತೆ ಇರಲಿ, ದೂರದ ಕ್ಯಾಮೆರಾದ ಧ್ವನಿಯನ್ನು ಬಿಟ್ಟು ರೆಕಾರ್ಡರಿನ ಧ್ವನಿ ಬಳಸಿ.

ಸಿಂಕ್ ತಪ್ಪಿದಾಗ ಕಾರಣ ಹುಡುಕುವುದಕ್ಕೆ ಫೈಲಿನ ಎರಡು ಜಾಗ ನೋಡಿದರೆ ಸಾಕು, ಶುರು ಮತ್ತು ಕೊನೆ. ಎರಡೂ ಕಡೆ ಒಂದೇ ಅಳತೆಯ ಅಂತರವಿದ್ದರೆ ಅದು ಜಾಗದ ತಪ್ಪು, ಆಫ್‌ಸೆಟ್‌ನಲ್ಲಿ ಸರಿಹೋಗುತ್ತದೆ. ಶುರುವಿನಲ್ಲಿ ಸರಿಯಿದ್ದು ಕೊನೆಯಲ್ಲಿ ಗಂಟೆಗೆ ಕೆಲವು ಫ್ರೇಮಿನಷ್ಟು ತಪ್ಪಿದ್ದರೆ ಹರಳಿನ ಡ್ರಿಫ್ಟ್, ಅಂದರೆ ಕೂಡುತ್ತಾ ಹೋದ ವೇಗದ ತಪ್ಪು. ಕ್ಲಿಪ್ಪನ್ನು ತುಂಡುಮಾಡಿ ಜೋಡಿಸಿ, ಇಲ್ಲವೇ ಆ ಸಣ್ಣ ಪ್ರಮಾಣದಷ್ಟು ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಿ. ಗಂಟೆಗೆ ಸರಿಯಾಗಿ 3.6 ಸೆಕೆಂಡ್ ತಪ್ಪಿದ್ದರೆ ಎಲ್ಲೋ 30 ಮತ್ತು 29.97 ಬೆರೆತಿವೆ. ಧ್ವನಿಯ ಶ್ರುತಿಯೇ ಏರಿದಂತೆ, ಇಳಿದಂತೆ ಕೇಳಿದರೆ 44,100 ಮತ್ತು 48,000 ಬೆರೆತಿವೆ.

ಪೆಟ್ಟಿಗೆ ಕೊಳ್ಳುವ ಅನುಕೂಲ ಇಲ್ಲದವರಿಗೆ ಚಪ್ಪಾಳೆ ಇದ್ದೇ ಇದೆ. ಎಲ್ಲ ಕ್ಯಾಮೆರಾಗಳಿಗೂ ಕಾಣುವ ಕಡೆ, ರೆಕಾರ್ಡರಿನ ಹತ್ತಿರ ನಿಂತು, ಶುರುವಿನಲ್ಲಿ ಒಂದು ಸಲ, ನಿಲ್ಲಿಸುವ ಮೊದಲು ಇನ್ನೊಂದು ಸಲ ಜೋರಾಗಿ ಕೈತಟ್ಟಿ. ಅಂಗೈಗಳು ಕೂಡಿದ ಫ್ರೇಮಿಗೂ ಧ್ವನಿಯ ಅಲೆ ಚೂಪಾಗಿ ಏಳುವ ಜಾಗಕ್ಕೂ ಹೊಂದಿಸಿದರೆ ಜಾಗ ಸಿಕ್ಕಿತು. ಎರಡನೇ ಚಪ್ಪಾಳೆಯಲ್ಲಿ ಎಷ್ಟು ಅಂತರ ಬಿದ್ದಿದೆ ಎಂದು ನೋಡಿದರೆ ವೇಗದ ತಪ್ಪೂ ಅಳತೆಗೆ ಸಿಗುತ್ತದೆ. ಬಹಳ ಜನ ಮೊದಲ ಚಪ್ಪಾಳೆ ತಟ್ಟುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಉದ್ದದ ಕಾರ್ಯಕ್ರಮಕ್ಕೆ ಹೆಚ್ಚು ಬೇಕಾದದ್ದು ಆ ಎರಡನೆಯದೇ.